30 ನಿಮಿಷ ತಯಾರಿ, 7 ನಿಮಿಷ ಮಾತು: ಎಕ್ಸ್‌ಟೆಂಪ್ ಸ್ಪರ್ಧೆಗೆ ಇಳಿಯುವುದು ಹೇಗೆ?

ಅಮೆರಿಕದ ಹೈಸ್ಕೂಲುಗಳ ಭಾಷಣ ಟೂರ್ನಮೆಂಟ್‌ಗಳಲ್ಲಿ ಎಕ್ಸ್‌ಟೆಂಪ್ ಅಂತ ಒಂದು ವಿಭಾಗವಿದೆ. ಪ್ರಚಲಿತ ವಿದ್ಯಮಾನಗಳ ಮೇಲಿನ ಆಶುಭಾಷಣ ಅದು. ಮೂರು ಚೀಟಿ ಎತ್ತಬೇಕು. ಪ್ರತಿ ಚೀಟಿಯಲ್ಲೂ ಒಂದು ಪ್ರಶ್ನೆ. ಅದರಲ್ಲಿ ಒಂದನ್ನು ಆರಿಸಿಕೊಂಡು 30 ನಿಮಿಷ ತಯಾರಾಗಿ, 7 ನಿಮಿಷ ಮಾತಾಡಬೇಕು.

ಇದು ಮಾತಿನ ಮಲ್ಲರ ಸ್ಪರ್ಧೆ ಅಂತ ತುಂಬಾ ಜನ ತಿಳಿದಿದ್ದಾರೆ. ಎಷ್ಟೋ ಮಕ್ಕಳು ಅದೇ ಹೆದರಿಕೆಯಿಂದ ಹೆಸರು ಕೊಡುವುದಿಲ್ಲ. ಆದರೆ ಇಲ್ಲಿ ಕೈಹಿಡಿಯುವುದು ಒಂದೇ ಗುಣ: ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವುದು. ಸ್ವಲ್ಪ ತಡವರಿಸಿದರೂ ಪರವಾಗಿಲ್ಲ. ಉತ್ತರವೂ ಅದರ ಕಾರಣಗಳೂ ಗಟ್ಟಿಯಾಗಿರಬೇಕು.

ಈ ಸ್ಪರ್ಧೆಗಳ ದೊಡ್ಡ ಸಂಸ್ಥೆ ನ್ಯಾಷನಲ್ ಸ್ಪೀಚ್ ಆ್ಯಂಡ್ ಡಿಬೇಟ್ ಅಸೋಸಿಯೇಷನ್. 1925ರಲ್ಲಿ ನ್ಯಾಷನಲ್ ಫೊರೆನ್ಸಿಕ್ ಲೀಗ್ ಎಂಬ ಹೆಸರಲ್ಲಿ ಶುರುವಾಯಿತು, 2014ರಲ್ಲಿ ಹೆಸರು ಬದಲಾಯಿತು. ಅದರ ರಾಷ್ಟ್ರೀಯ ಟೂರ್ನಮೆಂಟ್‌ನಲ್ಲಿ ಎಕ್ಸ್‌ಟೆಂಪ್‌ಗೆ ಎರಡು ವಿಭಾಗ. ಒಂದರಲ್ಲಿ ಅಮೆರಿಕದ ಒಳಗಿನ ವಿಷಯ, ಇನ್ನೊಂದರಲ್ಲಿ ಹೊರದೇಶಗಳ ವಿಷಯ. ಸಣ್ಣ ಟೂರ್ನಮೆಂಟ್‌ಗಳಲ್ಲಿ ಎರಡನ್ನೂ ಒಂದೇ ಮಾಡಿಬಿಡುವುದುಂಟು.

ಮೊದಲು: ಓದು, ಫೈಲು

ಹಿಂದೆ ಮಕ್ಕಳು ಪತ್ರಿಕೆ ಕತ್ತರಿಸಿ, ದೊಡ್ಡ ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿಕೊಂಡು ಹೊತ್ತು ತರುತ್ತಿದ್ದರು. ಈಗ ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ಇದ್ದರೆ ಸಾಕು. ತಯಾರಿಯ ಹೊತ್ತಿನಲ್ಲಿ ಇಂಟರ್‌ನೆಟ್ ಬಳಸಬಹುದಾ ಇಲ್ಲವಾ ಅನ್ನುವುದನ್ನು ಆಯಾ ಟೂರ್ನಮೆಂಟ್‌ನ ನಿಯಮದಲ್ಲಿ ನೋಡಿಕೊಳ್ಳಿ. ಬಳಸಬಹುದು ಅಂದರೂ ಫೈಲು ಬೇಕೇ ಬೇಕು. ಗಡಿಯಾರ ಓಡುತ್ತಿರುವಾಗ ಹುಡುಕುವುದಕ್ಕಿಂತ, ಮೊದಲೇ ಓದಿ ಇಟ್ಟ ಲೇಖನ ತೆರೆಯುವುದು ಸುಲಭ ಅಲ್ವಾ?

ಉಳಿಸುವಾಗ ಪ್ರತಿ ಲೇಖನದ ಹೆಸರಲ್ಲೇ ಪತ್ರಿಕೆ ಮತ್ತು ತಾರೀಖು ಇರಲಿ. ರಾಯಿಟರ್ಸ್, ಎಪಿ, ದಿ ಎಕನಾಮಿಸ್ಟ್, ಫಾರಿನ್ ಅಫೇರ್ಸ್ ಇವೆಲ್ಲ ಒಳ್ಳೆಯ ಮೂಲಗಳು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರಿಗಾಗಿ ತಯಾರಾಗುವ ಕಾಂಗ್ರೆಷನಲ್ ರಿಸರ್ಚ್ ಸರ್ವಿಸ್ ವರದಿಗಳು 2018ರಿಂದ ಎಲ್ಲರಿಗೂ ಪುಕ್ಕಟೆ ಸಿಗುತ್ತವೆ. ಭಾಷೆ ಸರಳ, ಪಕ್ಷ ವಹಿಸುವುದಿಲ್ಲ. ಹೊಸಬರಿಗೆ ನಾನು ಮೊದಲು ಹೇಳುವುದು ಇವನ್ನೇ.

ಸುದ್ದಿಯ ಹಿಂದೆ ಓಡುವ ಮುನ್ನ ಸುದ್ದಿಯ ಕೆಳಗಿರುವ ವ್ಯವಸ್ಥೆ ಗೊತ್ತಿರಬೇಕು. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ಗೆ 1977ರ ಕಾನೂನು ಬೆಲೆ ಸ್ಥಿರತೆ, ಉದ್ಯೋಗ ಎರಡನ್ನೂ ನೋಡಿಕೊಳ್ಳುವ ಹೊಣೆ ಕೊಟ್ಟಿದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 5 ದೇಶಗಳಿಗೆ ವಿಟೋ ಇದೆ. ಇಂಥವನ್ನು ಒಮ್ಮೆ ಸರಿಯಾಗಿ ಕಲಿತರೆ ಹತ್ತಾರು ಪ್ರಶ್ನೆಗಳಿಗೆ ಒದಗುತ್ತವೆ.

ಚೀಟಿ ಎತ್ತಿದ ಮೇಲೆ

ಮೂರರಲ್ಲಿ ಯಾವುದು? ಜಾಸ್ತಿ ಮಾಹಿತಿ ಗೊತ್ತಿರುವುದನ್ನು ಎತ್ತಿಕೊಳ್ಳಬೇಡಿ. ಒಂದು ವಾಕ್ಯದಲ್ಲಿ ಉತ್ತರ ಹೇಳಲು ಬರುವುದನ್ನು ಆರಿಸಿ. ಮಾಹಿತಿ ರಾಶಿ ಇದ್ದರೆ ಅದನ್ನೆಲ್ಲ ಸುರಿಯುವ ಆಸೆಯಾಗುತ್ತದೆ, ಉತ್ತರ ಅದರಡಿ ಹೂತುಹೋಗುತ್ತದೆ.

ಪ್ರಶ್ನೆಯನ್ನು ಎರಡೆರಡು ಸಲ ಓದಿ. ಸರ್ಕಾರ ಹೀಗೆ ಮಾಡಬೇಕೇ ಅಂತ ಕೇಳಿದರೆ ಸರಿ ತಪ್ಪು ತೂಗಬೇಕು. ಮಾಡುತ್ತದೆಯೇ ಅಂತ ಕೇಳಿದರೆ ಯಾರಿಗೆ ಲಾಭ, ಎಷ್ಟು ಮತ ಇದೆ, ಏನು ಅಡ್ಡಿ ಅಂತ ಲೆಕ್ಕ ಹಾಕಬೇಕು. ಎರಡನೆಯದನ್ನು ಕೇಳಿದಾಗ ಮೊದಲನೆಯದಕ್ಕೆ ಉತ್ತರಿಸಿ ಕೂರುವುದು ತೀರಾ ಸಾಮಾನ್ಯ ತಪ್ಪು.

ಆ 30 ನಿಮಿಷ

ಒಂದು ಉದಾಹರಣೆ ನೋಡೋಣ. ಪ್ರಶ್ನೆ: ಅಮೆರಿಕದ ಸೆನೆಟ್ ಫಿಲಿಬಸ್ಟರ್ ಪದ್ಧತಿಯನ್ನು ರದ್ದು ಮಾಡಬೇಕೇ? ಸೆನೆಟ್ ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ. ಚರ್ಚೆ ಮುಗಿಯಲು ಬಿಡದೆ ಮಸೂದೆಯನ್ನು ತಡೆಹಿಡಿಯುವುದೇ ಫಿಲಿಬಸ್ಟರ್.

ಮೊದಲ ನಾಲ್ಕೈದು ನಿಮಿಷದಲ್ಲಿ ಉತ್ತರ ಬರೆಯಿರಿ. "ಬೇಡ. ಆದರೆ ತಡೆಯುವವರು ನಿಂತು ಮಾತಾಡಲೇಬೇಕು ಅನ್ನುವ ನಿಯಮ ಬರಲಿ." ಅದರ ಕೆಳಗೆ ಮೂರು ಕಾರಣ, ಒಂದೊಂದು ಸಾಲು.

ಒಂದು, 100 ಸದಸ್ಯರ ಸೆನೆಟ್‌ನಲ್ಲಿ ಚರ್ಚೆ ಮುಗಿಸಲು 60 ಮತ ಬೇಕು. ಅದು ಹೋದರೆ ಒಂದು ಪಕ್ಷ ತಂದ ಕಾನೂನನ್ನು ಇನ್ನೊಂದು ಪಕ್ಷ ಬಂದ ಕೂಡಲೇ ಕಿತ್ತುಹಾಕಬಹುದು. ಎರಡು, ಒಮ್ಮೆ ಬಾಗಿಲು ತೆರೆದರೆ ಮುಚ್ಚುವುದು ಕಷ್ಟ. 2013ರಲ್ಲಿ ಡೆಮಾಕ್ರಾಟರು ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಾತಿಗಳಿಗೆ 60 ಮತದ ಅಗತ್ಯ ತೆಗೆದರು. 2017ರಲ್ಲಿ ರಿಪಬ್ಲಿಕನ್ನರು ಅದನ್ನು ಸುಪ್ರೀಂ ಕೋರ್ಟಿಗೂ ಚಾಚಿದರು. ಮೂರು, ನಿಜವಾದ ರೋಗ ಬೇರೆ: ಈಗ ಎದ್ದು ನಿಂತು ಮಾತಾಡದೆಯೇ ಮಸೂದೆ ತಡೆಯಬಹುದು.

ಪೀಠಿಕೆಗೆ 1957 ಒದಗುತ್ತದೆ. ಆ ವರ್ಷ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ಸೆನೆಟರ್ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದರು. ಆದರೂ ಮಸೂದೆ ಪಾಸಾಯಿತು. ಅಂದು ತಡೆಯುವುದಕ್ಕೂ ಮೈ ದಣಿಸಬೇಕಿತ್ತು ಅನ್ನುವ ಮಾತು ನೇರ ಮೂರನೇ ಕಾರಣಕ್ಕೆ ಹೋಗಿ ಸೇರುತ್ತದೆ. ಒಳ್ಳೆಯ ಪೀಠಿಕೆ ಅಂದರೆ ಇದು. ಯಾವ ಪ್ರಶ್ನೆಗೂ ಅಂಟಿಸಬಹುದಾದ ರೆಡಿಮೇಡ್ ಜೋಕುಗಳನ್ನು ಉರು ಹೊಡೆಯಬೇಡಿ. ಜಡ್ಜ್‌ಗಳು ಅವನ್ನು ಕೇಳಿ ಕೇಳಿ ಸುಸ್ತಾಗಿರುತ್ತಾರೆ.

ಮುಂದಿನ ಹತ್ತು ಹನ್ನೆರಡು ನಿಮಿಷ ಆಧಾರಗಳಿಗೆ. ಪ್ರತಿ ಕಾರಣಕ್ಕೆ ಎರಡು ಸಾಕು. ಕೊನೆಯ ಹತ್ತು ನಿಮಿಷವನ್ನಂತೂ ಓದಿಗೆ ಬಿಟ್ಟುಕೊಡಬೇಡಿ. ಎದ್ದು ಗೋಡೆಯ ಕಡೆ ಮುಖ ಮಾಡಿ ಇಡೀ ಭಾಷಣ ಹೇಳಿ ನೋಡಿ. ಎಲ್ಲರೂ ತಯಾರಾಗುವ ಪ್ರೆಪ್ ರೂಮಿಗೆ ಹೋದರೆ ಕಾಣುವುದು ಇದೇ ದೃಶ್ಯ: ಗೋಡೆಗಳುದ್ದಕ್ಕೂ ಮಕ್ಕಳು, ಎಲ್ಲರ ತುಟಿಯೂ ಆಡುತ್ತಿರುತ್ತದೆ, ಒಬ್ಬರು ಇನ್ನೊಬ್ಬರನ್ನು ನೋಡುವುದಿಲ್ಲ. ಸುಮ್ನೆ ಓದುತ್ತಾ ಕೂತವರಿಗೆ ಜಡ್ಜ್ ಎದುರು ವಾಕ್ಯ ಹೊಳೆಯುವುದಿಲ್ಲ.

ಈ ಹೊತ್ತಿನಲ್ಲಿ ಕೋಚ್ ಆಗಲಿ ಗೆಳೆಯರಾಗಲಿ ಸಹಾಯ ಮಾಡುವಂತಿಲ್ಲ.

ಜಡ್ಜ್ ಎದುರು

ಜಡ್ಜ್‌ಗೆ ಚೀಟಿ ಕೊಟ್ಟು, ಕೈಯಿಂದ ಹೇಗೆ ಸಮಯ ತೋರಿಸಬೇಕು ಅಂತ ಹೇಳಿ. ಐದು ಬೆರಳು ಎತ್ತಿದರೆ ಐದು ನಿಮಿಷ ಉಳಿದಿದೆ ಅಂತ. ಪೀಠಿಕೆಗೆ ಒಂದು, ಒಂದೂವರೆ ನಿಮಿಷ. ಅದು ಮುಗಿಯುವಾಗ ಚೀಟಿಯಲ್ಲಿದ್ದ ಪ್ರಶ್ನೆಯನ್ನು ಅಕ್ಷರ ಬಿಡದೆ ಹೇಳಿ, ಕೂಡಲೇ ಉತ್ತರ ಹೇಳಿ, ಮೂರು ಕಾರಣಗಳ ಹೆಸರು ಹೇಳಿ. ಒಂದು ಕಾರಣದಿಂದ ಇನ್ನೊಂದಕ್ಕೆ ದಾಟುವಾಗ ಎರಡು ಮೂರು ಹೆಜ್ಜೆ ಪಕ್ಕಕ್ಕೆ ನಡೆಯಿರಿ. ವಿಷಯ ಬದಲಾಯಿತು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಪ್ರತಿ ಕಾರಣದ ಕೊನೆಗೆ "ಹಾಗಾಗಿ ರದ್ದು ಬೇಡ" ಅಂತ ಪ್ರಶ್ನೆಗೆ ಕಟ್ಟಿಹಾಕಿ. ಮುಕ್ತಾಯಕ್ಕೆ ಅರ್ಧ ನಿಮಿಷ ಇಟ್ಟುಕೊಂಡರೆ ಸಾಕು. 7 ನಿಮಿಷದ ಮೇಲೆ 30 ಸೆಕೆಂಡ್ ವಿನಾಯಿತಿ ಇರುತ್ತದೆ, ಅದನ್ನು ನಂಬಿಕೊಂಡು ಹೋಗಬೇಡಿ.

ಆಧಾರದ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಭಾಷಣದಲ್ಲಿ ಆಧಾರದ ಪತ್ರಿಕೆ, ತಾರೀಖು ಹೇಳುವಾಗ ತಾರೀಖು ಮರೆತರೆ ತಿಂಗಳಷ್ಟೇ ಹೇಳಿ. ಪತ್ರಿಕೆಯ ಹೆಸರೇ ಮರೆತರೆ ಆ ಅಂಕಿಯನ್ನೇ ಬಿಡಿ. ಬಾಯಿಗೆ ಬಂದ ತಾರೀಖು, ಬಾಯಿಗೆ ಬಂದ ಪತ್ರಿಕೆ ಸೇರಿಸಿದರೆ ಅದು ಮೋಸ. ಸಿಕ್ಕಿಬಿದ್ದರೆ ಸ್ಪರ್ಧೆಯಿಂದಲೇ ಹೊರಗೆ ಹಾಕಬಹುದು. ಸಿಕ್ಕಿಬೀಳದಿದ್ದರೂ ಎದುರು ಕೂತವರು ನಿಮ್ಮನ್ನು ನಂಬಿ ಕೇಳುತ್ತಿರುತ್ತಾರೆ.

ಟೂರ್ನಮೆಂಟ್ ಆದ ಮೇಲೆ

ಬ್ಯಾಲೆಟ್, ಅಂದರೆ ಜಡ್ಜ್ ರ‍್ಯಾಂಕ್ ಬರೆದ ಹಾಳೆ, ಕೈಗೆ ಬಂದಾಗ ರ‍್ಯಾಂಕ್ ಒಂದನ್ನೇ ನೋಡಿ ಮುಚ್ಚಿಡಬೇಡಿ. ಜಡ್ಜ್ ಬರೆದ ಟಿಪ್ಪಣಿ ಓದಿ. ನಿಮ್ಮ ಉತ್ತರ ಏನಾಗಿತ್ತು ಅನ್ನುವುದನ್ನು ಅವರು ತಪ್ಪಾಗಿ ಬರೆದಿದ್ದರೆ, ನೀವು ಅದನ್ನು ಸ್ಪಷ್ಟವಾಗಿ ಹೇಳಿಲ್ಲ ಅಂತಲೇ ಲೆಕ್ಕ. ಅದೇ ವಾರ ಅದೇ ಪ್ರಶ್ನೆ ತೆಗೆದುಕೊಂಡು, ಗಡಿಯಾರ ಇಟ್ಟುಕೊಂಡು, ವಿಷಯ ಗೊತ್ತಿಲ್ಲದ ಯಾರಾದರೊಬ್ಬರ ಎದುರು ಇನ್ನೊಮ್ಮೆ ಮಾತಾಡಿ. ಮುಗಿದ ಮೇಲೆ ನಿಮ್ಮ ಮೂರು ಕಾರಣ ಯಾವುವು ಅಂತ ಅವರನ್ನು ಕೇಳಿ.