‘ಡಿಡ್’ ಬಂದ ಮೇಲೆ ‘ವೆಂಟ್’ ಬೇಡ

‘ಐ ಡಿಡ್ ನಾಟ್ ವೆಂಟ್ ಟು ಕಾಲೇಜ್.’ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಪಿಯುಸಿ ಸೇರಿದ ಮಕ್ಕಳ ನೋಟ್‌ಬುಕ್ ತೆರೆದರೆ ಇಂಥ ಸಾಲು ಸಿಕ್ಕೇ ಸಿಗುತ್ತದೆ. ಪಾಪ, ಅವರು ಓದಿಲ್ಲ ಅಂತಲ್ಲ. ಗೋ, ವೆಂಟ್, ಗಾನ್ ಅಂತ ಬಾಯಿಪಾಠ ಮಾಡಿರುತ್ತಾರೆ, ಆದರೆ ಯಾವ ರೂಪ ಎಲ್ಲಿ ಬರಬೇಕು ಅನ್ನೋದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಮೊದಲು ಗೋ-ವೆಂಟ್-ಗಾನ್ ಥರ ಕ್ರಿಯಾಪದದ ಮೊದಲ, ಎರಡನೆಯ, ಮೂರನೆಯ ರೂಪ ಸಾಲಾಗಿ ಬರೆದಿರುವ ಟೇಬಲ್ ವಿಷಯ. ಎ ಇಂದ ಝಡ್‌ವರೆಗೆ ಉರು ಹೊಡೆಯಬೇಡಿ. ಭೂತಕಾಲದಲ್ಲಿ ‘ಎಡ್’ ಹಚ್ಚಿಕೊಳ್ಳದ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಸುಮಾರು 200 ಇವೆ, ದಿನಾ ಬೇಕಾಗುವುದು ಅದರಲ್ಲಿ ಸ್ವಲ್ಪವೇ. ಅವನ್ನು ರೂಪ ನೋಡಿ ಗುಂಪು ಮಾಡಿ. ಕಟ್, ಪುಟ್, ಶಟ್ ಮೂರೂ ಕಡೆ ಹಾಗೇ ಇರುತ್ತವೆ. ಸೆಲ್-ಸೋಲ್ಡ್-ಸೋಲ್ಡ್, ಬೈ-ಬಾಟ್-ಬಾಟ್ ಥರದವಕ್ಕೆ ಎರಡನೆಯದು, ಮೂರನೆಯದು ಒಂದೇ. ಕಮ್-ಕೇಮ್-ಕಮ್‌ನಲ್ಲಿ ಮೂರನೆಯದು ತಿರುಗಿ ಮೊದಲಿನದೇ. ಜಾಸ್ತಿ ಕಾಡೋದು ಮೂರೂ ಬೇರೆ ಬೇರೆ ಇರುವ ಗುಂಪು: ಈಟ್-ಏಟ್-ಈಟನ್, ರೈಟ್-ರೋಟ್-ರಿಟನ್. ಹೆಚ್ಚು ಟೈಮ್ ಇದಕ್ಕೇ ಕೊಡಿ. ಸುಮ್ನೆ ಪದ ಬರೆಯಬೇಡಿ, ವಾಕ್ಯ ಬರೆಯಿರಿ, ಅದೂ ನಿಮ್ಮದೇ ಬದುಕಿನದು: ‘ವಿ ವೆಂಟ್ ಟು ಗವಿಮಠ ಜಾತ್ರೆ’, ‘ಐ ಏಟ್ ಒಗ್ಗರಣೆ ಮಿರ್ಚಿ’, ‘ಮೈ ಫಾದರ್ ಸೋಲ್ಡ್ ದ ಪ್ಯಾಡಿ’.

ಆಮೇಲೆ ಹೆಲ್ಪಿಂಗ್ ವರ್ಬ್, ಅಂದರೆ ಸಹಾಯಕ ಕ್ರಿಯಾಪದ. ಅದು ಬಂತು ಅಂದರೆ ಅದಾದಮೇಲೆ ಯಾವ ರೂಪ ಬರಬೇಕು ಅನ್ನೋದನ್ನು ಅದೇ ತೀರ್ಮಾನಿಸುತ್ತದೆ. ಡು, ಡಸ್, ಡಿಡ್ ಬಂದರೆ ಮೊದಲ ರೂಪ ಮಾತ್ರ. ಭೂತಕಾಲವನ್ನು ‘ಡಿಡ್’ ಹೇಳಿಯಾಯಿತಲ್ಲ, ಇನ್ನೊಮ್ಮೆ ಹೇಳುವುದು ಬೇಕಿಲ್ಲ. ನಮ್ಮ ಕನ್ನಡದಲ್ಲೂ ಹೀಗೇ ಅಲ್ವಾ? ‘ಬಂದ’ ಅನ್ನೋದಕ್ಕೆ ಇಲ್ಲ ಹಚ್ಚಬೇಕಾದರೆ ‘ಬರಲಿಲ್ಲ’ ಅಂತೀವಿ, ‘ಬಂದಲಿಲ್ಲ’ ಅಂತ ಯಾರೂ ಅನ್ನೋದಿಲ್ಲ. ‘ಡಿಡ್ ನಾಟ್ ಕೇಮ್’ ಅಂದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಆ ‘ಬಂದಲಿಲ್ಲ’ದ ಹಾಗೇ ಕೇಳುತ್ತದೆ. ಇದನ್ನು ಒಮ್ಮೆ ಮನಸ್ಸಿಗೆ ಹಾಕಿಕೊಂಡರೆ ಅರ್ಧ ತಪ್ಪು ನಿಂತುಹೋಗುತ್ತವೆ. ಪ್ರಶ್ನೆಗೂ ಅದೇ ಲೆಕ್ಕ: ‘ಡಿಡ್ ಯು ಈಟ್?’

ಇಲ್ಲೊಂದು ಗೊಂದಲ ಆಗುತ್ತದೆ. ‘ಐ ಡಿಡ್ ಮೈ ಹೋಮ್‌ವರ್ಕ್’ನಲ್ಲಿ ‘ಡಿಡ್’ ಸಹಾಯಕ ಅಲ್ಲ, ಅದೇ ಮುಖ್ಯ ಕ್ರಿಯಾಪದ. ಅದಕ್ಕೇ ಮಾಡಲಿಲ್ಲ ಅನ್ನುವಾಗ ಎರಡೂ ಬೇಕು: ‘ಐ ಡಿಡ್ ನಾಟ್ ಡು ಮೈ ಹೋಮ್‌ವರ್ಕ್’.

ಹ್ಯಾವ್, ಹ್ಯಾಸ್, ಹ್ಯಾಡ್ ಆದಮೇಲೆ ಮೂರನೆಯ ರೂಪ: ‘ಐ ಹ್ಯಾವ್ ಸೀನ್ ಆನೆಗೊಂದಿ’. ‘ಐ ಹ್ಯಾವ್ ಸಾ’ ಅಲ್ಲ. ಈಸ್, ಆರ್, ವಾಸ್, ವರ್ ಆದಮೇಲೆ ಕೆಲಸ ನಡೀತಿದ್ದರೆ ‘ಇಂಗ್’, ಕೆಲಸ ಯಾರೋ ಮಾಡಿದ್ದಾದರೆ ಮೂರನೆಯ ರೂಪ: ‘ದ ಡ್ಯಾಮ್ ವಾಸ್ ಬಿಲ್ಟ್ ಅಕ್ರಾಸ್ ದ ತುಂಗಭದ್ರಾ’.

ಕ್ಯಾನ್, ಕುಡ್, ವಿಲ್, ವುಡ್, ಶಲ್, ಶುಡ್, ಮೇ, ಮೈಟ್, ಮಸ್ಟ್ ಈ ಒಂಬತ್ತು ಆದಮೇಲೆ ಮೊದಲ ರೂಪ ಬಿಟ್ಟು ಬೇರೇನೂ ಬರುವುದಿಲ್ಲ. ‘ಟು’ ಇಲ್ಲ, ‘ಹಿ’ ಇದ್ದರೂ ‘ಎಸ್’ ಇಲ್ಲ: ‘ಹಿ ಕ್ಯಾನ್ ಸ್ವಿಮ್’.

ಇಷ್ಟಾದ ಮೇಲೆ ಎರಡು ಸಹಾಯಕ ಒಟ್ಟಿಗೆ ಬರುವ ವಾಕ್ಯಕ್ಕೆ ಕೈ ಹಾಕಿ. ‘ರಾಯಚೂರು ಬಸ್ಸು ಇಷ್ಟೊತ್ತಿಗೆ ಬರಬೇಕಿತ್ತು’ ಅನ್ನಲು ಎಡದಿಂದ ಒಂದೊಂದೇ ಜೋಡಿಸುತ್ತಾ ಹೋಗಿ: ‘ಶುಡ್’ ಆದಮೇಲೆ ಮೊದಲ ರೂಪ, ಅಂದರೆ ‘ಹ್ಯಾವ್’. ‘ಹ್ಯಾವ್’ ಆದಮೇಲೆ ‘ಕಮ್’ನ ಮೂರನೆಯ ರೂಪ, ಅದು ‘ಕಮ್’ ಅಂತಲೇ. ‘ದ ರಾಯಚೂರು ಬಸ್ ಶುಡ್ ಹ್ಯಾವ್ ಕಮ್ ಬೈ ನೌ.’