ಮೆಟ್ ಸೀಸನ್ ಮತ್ತು ನನ್ನ ಪೆನ್ಸಿಲ್ ಪುಸ್ತಕ

2010ರಲ್ಲಿ ಅಮ್ಮನನ್ನು ಮೈಸೂರಿನಿಂದ ನ್ಯೂಜೆರ್ಸಿಗೆ ಕರೆಸಿಕೊಳ್ಳಲು ದಿನ ಗೊತ್ತು ಮಾಡಿದ್ದೇ ಒಂದು ಗಾಳಿಸುದ್ದಿ ನಂಬಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಎಲ್ಲರ ಬಾಯಲ್ಲಿ 'ಮೆಟ್') ಅಕ್ಟೋಬರ್‌ಗೆ 'ಸತ್ಯಾಗ್ರಹ' ಅನ್ನೋ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಮತ್ತೆ ಬರುತ್ತದಂತೆ ಅಂತ ಇಂಟರ್‌ವಲ್‌ನಲ್ಲಿ ಯಾರೋ ಹೇಳಿದ್ದರು. ವಿಮಾನದ ಟಿಕೆಟ್ ತೆಗೆದಾಗಿತ್ತು. ಫೆಬ್ರವರಿಯಲ್ಲಿ ಮುಂದಿನ ಸೀಸನ್‌ನ ಒಪೆರಾಗಳ ಪಟ್ಟಿ ಪ್ರಕಟವಾದಾಗ ಅದರ ಹೆಸರೇ ಇರಲಿಲ್ಲ.

ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗಿನ ಕಥೆ. ಸಂಗೀತ ಫಿಲಿಪ್ ಗ್ಲಾಸ್ ಅವರದು, ಹಾಡುವುದೆಲ್ಲ ಭಗವದ್ಗೀತೆಯ ಸಂಸ್ಕೃತ. 2008ರಲ್ಲಿ ನೋಡಿದಾಗಿನಿಂದ, ಗೀತೆ ಬಾಯಿಪಾಠ ಇರುವ ಅಮ್ಮನಿಗೆ ಇದನ್ನು ತೋರಿಸಲೇಬೇಕು ಅಂತ ಮನಸ್ಸಿನಲ್ಲಿತ್ತು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಕೇಳಿದ್ದನ್ನೆಲ್ಲ ಪೆನ್ಸಿಲಲ್ಲಿ ಬರೆಯುತ್ತೇನೆ, ಮೆಟ್ ತಾನೇ ಹೇಳಿದ ಮೇಲೆ ಪೆನ್ನಲ್ಲಿ. ದೊಡ್ಡ ಗಾಯಕರು ನಾಲ್ಕೈದು ವರ್ಷ ಮೊದಲೇ ಬುಕ್ ಆಗಿರುತ್ತಾರೆ. ಅವರವರ ವೆಬ್‌ಸೈಟಿನ ಕಾರ್ಯಕ್ರಮ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಜಾಸ್ತಿ ಹೇಳಿಬಿಟ್ಟಿರುತ್ತಾರೆ. ಒಬ್ಬರ ಪಟ್ಟಿ ನೋಡಿ ನಾನು ನಂಬುವುದಿಲ್ಲ. ಅದೇ ಒಪೆರಾ ಹಾಡಬಲ್ಲ ಇನ್ನೊಬ್ಬರಿಗೂ ಅದೇ ವಾರಗಳಲ್ಲಿ ನ್ಯೂಯಾರ್ಕ್ ಅಂತಿದ್ದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ.

ಇನ್ನೊಂದು ಜಾಗ, ಬೇರೆ ಊರಿನ ಪ್ರೋಗ್ರಾಂ ಪುಸ್ತಕದ ಸಣ್ಣಕ್ಷರ. ಹೊಸ ಪ್ರಯೋಗಕ್ಕೆ ಹಣ ಬಹಳ ಬೇಕು, ಹಾಗಾಗಿ ಎರಡು ಮೂರು ಒಪೆರಾ ಸಂಸ್ಥೆಗಳು ಖರ್ಚು ಹಂಚಿಕೊಳ್ಳುತ್ತವೆ, ಆ ಹೆಸರುಗಳು ಅಲ್ಲಿರುತ್ತವೆ. 'ಸತ್ಯಾಗ್ರಹ' ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾದಲ್ಲಿ 2007ರಲ್ಲಿ ಆಡಿ, ಮರುವರ್ಷ ಇಲ್ಲಿಗೆ ಬಂತು. 2016ರಲ್ಲಿ ಅಲ್ಲೇ, ಅದೇ ನಿರ್ದೇಶಕ ಫೆಲಿಮ್ ಮೆಕ್‌ಡರ್ಮಟ್, ಗ್ಲಾಸ್ ಅವರ 'ಅಖ್ನಾಟನ್' ಮಾಡಿದರು. ಅವತ್ತೇ ಪೆನ್ಸಿಲಲ್ಲಿ ಬರೆದೆ. 2019ರ ನವೆಂಬರ್‌ನಲ್ಲಿ ಮೆಟ್‌ಗೆ ಬಂತು.

ಎಲ್ಲವೂ ಹೀಗೆ ಕೂಡಿಬರುವುದಿಲ್ಲ. ವಾಗ್ನರ್‌ನ ನಾಲ್ಕು ಒಪೆರಾಗಳ ಮಾಲೆ 'ರಿಂಗ್' ಕೂಡ ಲಂಡನ್ನಿನಿಂದಲೇ ಬರಬೇಕಿತ್ತು. ಅದು ಸುಮ್ನೆ ಗುಲ್ಲಲ್ಲ, ಮೆಟ್ ಅದರ ಪಾಲುದಾರ ಆಗಿತ್ತು. 2021ರಲ್ಲಿ ಅಲ್ಲಿ ಅದರ ಒಂದು ಭಾಗ 'ವಾಲ್ಕ್ಯೂರಿ' ಆಡಿಯೂ ಆಯ್ತು. ಮರುವರ್ಷ ಅಲ್ಲಿನ ಸರ್ಕಾರಿ ಅನುದಾನಕ್ಕೆ ಕತ್ತರಿ ಬಿತ್ತು. ಆ 'ರಿಂಗ್' ಇಲ್ಲಿಗೆ ಬರಲಿಲ್ಲ. ಮೆಟ್ ಈಗ ನಿರ್ದೇಶಕ ಯುವಲ್ ಶರೋನ್ ಅವರಿಂದ ಬೇರೆಯದೇ ಮಾಡಿಸುತ್ತಿದೆ. ಪುಸ್ತಕದಲ್ಲಿ ಆ ಪುಟ ಉಜ್ಜಿ ಉಜ್ಜಿ ತೆಳ್ಳಗಾಗಿದೆ.

ಅಮ್ಮನಿಗೆ 'ಸತ್ಯಾಗ್ರಹ' ಸಿಕ್ಕಿದ್ದು 2011ರ ನವೆಂಬರ್‌ನಲ್ಲಿ. ಈ ಸಲ ಫೆಬ್ರವರಿಯ ಪ್ರಕಟಣೆ ಬಂದ ಮೇಲೇ ಟಿಕೆಟ್ ತೆಗೆದೆ. ಎಲ್ಲಕ್ಕಿಂತ ಮೇಲಿನ ಫ್ಯಾಮಿಲಿ ಸರ್ಕಲ್‌ನಲ್ಲಿ, ಮಡಿಲಲ್ಲಿ ಶಾಲು ಮಡಿಸಿಟ್ಟುಕೊಂಡು ಕೂತಿದ್ದರು. ಮುಂದಿನ ಸೀಟಿನ ಬೆನ್ನಿನ ಪುಟ್ಟ ಪರದೆಯಲ್ಲಿ ಅವತ್ತು ಅನುವಾದ ಇರಲಿಲ್ಲ. "ಏನು ಹೇಳ್ತಿದಾರೋ ಗೊತ್ತಾಗ್ತಿಲ್ಲ ಕಣೋ" ಅಂದರು ಮೊದಲು. ಕೊನೆಗೆ ಗಾಂಧಿ ಒಬ್ಬರೇ ನಿಂತು ಹಾಡುತ್ತಾರೆ, ಮೇಲೇರುವ ಒಂದೇ ಸ್ವರಸಾಲು 30 ಸಲ. 'ಯದಾ ಯದಾ ಹಿ ಧರ್ಮಸ್ಯ' ಬಂದಾಗ ತಿರುಗಿ ನೋಡಿದೆ. ಅಮ್ಮನ ತುಟಿಯೂ ಆಡುತ್ತಿತ್ತು.