ಬಾವಿ ಗೋಡಿ ನೋಡಿ ಜ್ವಾಲಾಮುಖಿ ತಿಳ್ಕೊಳ್ಳೋದು ಹೆಂಗ

ಮಹಾರಾಷ್ಟ್ರದ ಗಡಿಯಾಗಿನ ಅಕ್ಕಲಕೋಟ, ಜತ್ತ ಕಡೆ ನಾವು ಮಕ್ಕಳಿಗೆ ಜ್ವಾಲಾಮುಖಿ ಅಂದ್ರ ಜಪಾನಿನ ಫೋಟೋ ತೋರಿಸ್ತೀವಿ, ಆದ್ರ ನಮ್ಮ ಎರಿ ಹೊಲದ ಕೆಳಗಿರೋ ಕರಿಕಲ್ಲು ಪೂರಾ ಲಾವಾನೇ ಅದರಿ, ಸುಮಾರು 6.6 ಕೋಟಿ ವರ್ಷದ ಹಿಂದ ಹರಿದು ಆರಿದ್ದು, ಡೆಕ್ಕನ್ ಟ್ರ್ಯಾಪ್ ಅಂತಾರ, ಇವತ್ತಿಗೂ 5 ಲಕ್ಷ ಚದರ ಕಿಲೋಮೀಟರಿನಷ್ಟು ಹರಡೇದ.

ಮೊದಲ ಒಂದು ತಪ್ಪು ತಿಳುವಳಿಕೆ ತಗೀರಿ. ಭೂಮಿ ಒಳಗ ಎಲ್ಲಾ ಕಡೆ ಲಾವಾ ಕುದೀತಿರ್ತದ ಅನ್ನೋದು ಖರೇ ಅಲ್ಲ. ಭೂಮಿಯ ಹೊರ ಚಿಪ್ಪಿನ ಕೆಳಗಿರೋ ದಪ್ಪ ಪದರ, ಅಂದ್ರ ಮ್ಯಾಂಟಲ್, ಬಹುಪಾಲು ಗಟ್ಟಿ ಕಲ್ಲೇ, ಬಿಸಿ ಭಾಳ ಇದ್ರೂ ಮ್ಯಾಲಿನ ಒತ್ತಡಕ್ಕ ಕರಗಂಗಿಲ್ಲ. ಆ ಬಿಸಿ ಕಲ್ಲು ಮೆಲ್ಲಕ ಮ್ಯಾಲ ಬಂದಂಗ ಒತ್ತಡ ಇಳೀತದ, ಆವಾಗ ಸ್ವಲ್ಪ ಸ್ವಲ್ಪ ಕರಗಿ ಮ್ಯಾಗ್ಮಾ ಆಗ್ತದ. ಜಪಾನ್, ಇಂಡೋನೇಷ್ಯಾದಾಗ ಮಾತ್ರ ಬ್ಯಾರೆ ಕತಿ, ಸಮುದ್ರದ ತಳ ಭೂಮಿ ಒಳಗ ಮುಳುಗುವಾಗ ನೀರೂ ಹೋಗ್ತದ, ನೀರು ಸೇರಿದ ಕಲ್ಲು ಕಡಿಮಿ ಬಿಸಿಗೇ ಕರಗ್ತದ. ನಮ್ಮದು ಹಿಂದೂ ಮಹಾಸಾಗರದಾಗಿನ ರಿಯೂನಿಯನ್ ಹಾಟ್‌ಸ್ಪಾಟ್ (ಆಳದಿಂದ ಬಿಸಿ ಕಲ್ಲು ಏರಿ ಬರೋ ಜಾಗ) ಮ್ಯಾಲ ಭಾರತ ಹಾದು ಬಂದಾಗ ಆಗಿದ್ದು ಅಂತ ಬಹಳ ವಿಜ್ಞಾನಿಗಳು ಹೇಳ್ತಾರ, ರಿಯೂನಿಯನ್ ದ್ವೀಪದಾಗ ಇನ್ನೂ ಲಾವಾ ಹರೀತದ.

ಹಂಗಾದ್ರ ನಮ್ಮಲ್ಲಿ ಬಾಯಿ ತೆರೆದ ಗುಡ್ಡ ಯಾಕಿಲ್ಲ? ನಮ್ಮ ಕರಿಕಲ್ಲು ಬಸಾಲ್ಟ್, ಅದರ ಲಾವಾದಾಗ ಸಿಲಿಕಾ (ಮರಳಿನಾಗ ಇರೋ ಮುಖ್ಯ ಅಂಶ) ಕಡಿಮಿ, ತೂಕದಾಗ ಸುಮಾರು ಅರ್ಧ, ಅದಕ್ಕ ಅದು ತೆಳ್ಳಗ ಹರೀತದ, ನೆಲದ ಉದ್ದುದ್ದ ಬಿರುಕಿನಿಂದ ಬಂದು ದ್ವಾಸಿ ಹಿಟ್ಟಿನಂಗ ಹರಡಿಬಿಡ್ತದ. ಸಿಲಿಕಾ ಜಾಸ್ತಿ ಇದ್ರ ಮಂದ ಆಗ್ತದ, ಗ್ಯಾಸ್ ಹೊರಗ ಹೋಗಲಾರದ ಸಿಡೀತದ.

ಈಗ ನೋಡೋ ಕೆಲಸ. ಬ್ಯಾಸಗ್ಯಾಗ ನೀರು ಇಳಿದಾಗ ಒಳಗೋಡಿಗೆ ಕಲ್ಲು ಕಟ್ಟದ ಹಳೇ ಬಾವಿಗೆ ಹೋಗ್ರಿ, ದಂಡಿಗೆ ನಿಲ್ಲಬ್ಯಾಡ್ರಿ, ಮಕ್ಕಳ ಕೈ ಬಿಡಬ್ಯಾಡ್ರಿ. ಮ್ಯಾಲ ಎರಿ ಮಣ್ಣು, ಕೆಳಗ ಮುರುಮ (ಪುಡಿಪುಡಿ ಆದ ಮೆತ್ತನ ಕಲ್ಲು), ಆಮ್ಯಾಲ ಕಲ್ಲು. ಕಲ್ಲಿನಾಗ ಸಣ್ಣ ಸಣ್ಣ ತೂತು ಭಾಳ ಇದ್ದ ಜಾಗ ಸಿಕ್ಕರ ಅದು ಒಂದು ಲಾವಾ ಹರಿವಿನ ಮ್ಯಾಲಿನ ಭಾಗ ಇರೋ ಸಾಧ್ಯತೆ ಹೆಚ್ಚು, ಲಾವಾ ಆರುವಾಗ ಗ್ಯಾಸಿನ ಗುಳ್ಳೆ ಮ್ಯಾಲೆದ್ದು ಸಿಕ್ಕೊಂಡಿದ್ದು. ಕೆಲವು ತೂತಿನಾಗ ಬಿಳಿ ಹರಳು ತುಂಬಿರ್ತದ, ಜಿಯೋಲೈಟ್ ಇಲ್ಲಾ ಕ್ವಾರ್ಟ್ಜ್, ಅದು ಆಮ್ಯಾಲ ನೀರು ತಂದಿಟ್ಟಿದ್ದು. ನಡುವ ಕೆಂಪು ಪಟ್ಟಿ ಕಂಡ್ರ ಅಲ್ಲೇ ನಿಂತು ತೋರಸ್ರಿ, ನನಗ ಎಲ್ಲಾಕ್ಕಿಂತ ಇಷ್ಟ ಇದೇ, ಯಾಕಂದ್ರ ಒಂದು ಲಾವಾ ಆರಿ ಮಣ್ಣಾಗೋಷ್ಟು ಹೊತ್ತು ಹೋಗಿ ಆಮ್ಯಾಲ ಇನ್ನೊಂದು ಬಂದದ ಅನ್ನೋದು ಅದರಿಂದ ತಿಳೀತದ.

ನೀರಿನ ಸೆಲೆ ಎಲ್ಲಿಂದ ಬರ್ತದ ಅದನ್ನೂ ನೋಡ್ರಿ. ಸಾಮಾನ್ಯವಾಗಿ ಮುರುಮ, ತೂತಿನ ಕಲ್ಲು, ಬಿರುಕು ಇದ್ದಲ್ಲೇ ಜಿನುಗ್ತದ, ನಡುವಿನ ಗಟ್ಟಿ ಕಲ್ಲು ಒಣಾ ಇರ್ತದ.